ಚಲಿಸುವ ಚಿತ್ರದಲ್ಲಿ ರೋಗಪಾಠ

ಕಣ್ಣಿಗೆ ಕಾಣದ ರೋಗಕಾರಣವನ್ನು ಬಾಲಕಬಾಲಿಕೆಯರ ಎದುರಿಗೆ ಪ್ರತ್ಯಕ್ಷವಾಗಿ ನಿಲ್ಲಿಸುವ ಕಲೆಗಳಲ್ಲಿ ಅನಿಮೇಷನ್ನಿಗೆ ಸಮನಾದುದು ವಿರಳವೆಂದೇ ಹೇಳಬೇಕು. 1943ರಷ್ಟು ಹಿಂದೆಯೇ ವಾಲ್ಟ್ ಡಿಸ್ನಿಯ ಸಂಸ್ಥೆಯು ಮಲೇರಿಯಾವನ್ನು ಕುರಿತ ಕಿರುಚಿತ್ರವೊಂದನ್ನು ರಚಿಸಿ, ಸ್ನೋವೈಟ್ ಕಥೆಯ ಏಳು ಮಂದಿ ಕುಳ್ಳರಿಂದಲೇ ಸೊಳ್ಳೆಯ ನೆಲೆಗಳನ್ನು ನಾಶಮಾಡಿಸಿತು; ವಿನೋದವೂ ಸಮರ್ಥ ಬೋಧಕನಾಗಬಲ್ಲುದೆಂಬುದಕ್ಕೆ ಅದು ನಿದರ್ಶನ.

ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುವ ಈ ಮಾಧ್ಯಮದಲ್ಲಿ, ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿಕೊಂಡರೂ ನಿಮಿಷವೊಂದಕ್ಕೆ 720 ಚಿತ್ರಗಳು ಬೇಕಾಗುತ್ತವೆ. ಆ ಶ್ರಮದ ಫಲವಾಗಿಯೇ, ಮೊಟ್ಟೆ, ಲಾರ್ವಾ, ಪ್ಯೂಪಾ ಎಂಬ ಅವಸ್ಥೆಗಳನ್ನು ದಾಟಿ ಸುಮಾರು ಎಂಟು ಹತ್ತು ದಿನಗಳಲ್ಲಿ ರೆಕ್ಕೆ ತಳೆಯುವ, ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯ ಜೀವನಚಕ್ರವು, ಕಪ್ಪು ಮೈಯ ಮೇಲಿನ ಬಿಳಿಯ ಪಟ್ಟೆಗಳ ಸಹಿತವಾಗಿ, ಕ್ಷಣಮಾತ್ರದಲ್ಲಿ ಬಾಲಬುದ್ಧಿಗೆ ಗೋಚರವಾಗುತ್ತದೆ.

ಆದರೆ ರೇಖೆಯ ಚಾತುರ್ಯವೊಂದೇ ಸಾಲದು. ಚಿತ್ರದ ಹಿನ್ನೆಲೆಯೂ ನೋಡುವವರ ಊರಿನದಾಗಿರಬೇಕು. ಹಾಸನದ ಮನೆಯ ಮಾಳಿಗೆಯ ಮೇಲಿನ ಮುಚ್ಚಳವಿಲ್ಲದ ಸಿಂಟೆಕ್ಸ್, ಅರಕಲಗೂಡಿನ ಹಿತ್ತಲಿನ ಹಳೆಯ ಟಯರು, ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ಮಳೆನೀರು ತುಂಬಿದ ಕರಟ ಇವುಗಳನ್ನು ತೆರೆಯ ಮೇಲೆ ಕಂಡ ಮಗುವು ತನ್ನ ಮನೆಯನ್ನೇ ಪರೀಕ್ಷಿಸತೊಡಗುತ್ತದೆ. ಹೊಳೆನರಸೀಪುರದ ವಿದ್ಯಾರ್ಥಿಗಾದರೋ, ಡೆಂಗಿಯ ಸೊಳ್ಳೆಯ ತವರು ಹರಿಯುವ ಹೇಮಾವತಿಯಲ್ಲ, ಮನೆಯೊಳಗೆ ಮುಚ್ಚದೆ ಇಟ್ಟ ಡ್ರಮ್ಮಿನ ತಿಳಿನೀರು ಎಂಬ ವಿವೇಕವನ್ನು ಎರಡು ದೃಶ್ಯಗಳ ಜೋಡಣೆಯಿಂದಲೇ ಮೂಡಿಸಬಹುದು.

ಉಪಾಧ್ಯಾಯರು ಇಂಥ ಚಿತ್ರವನ್ನು ತೋರಿಸಿದ ಬಳಿಕ, ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ಬರಿದುಮಾಡಿ, ಒಳಗೋಡೆಗೆ ಅಂಟಿದ ಮೊಟ್ಟೆಗಳು ಹೋಗುವಂತೆ ಉಜ್ಜಿ ತೊಳೆಯುವ ಅಭ್ಯಾಸವನ್ನೂ ಮಕ್ಕಳಿಗೆ ಮಾಡಿಸಲಿ.