ಕಾಟು ಹೊಡೆದ ‘ಎಂ’

ಅಮೆರಿಕದ ಕಾಲೇಜು ಫುಟ್‌ಬಾಲಿನ ಬಗ್ಗೆ ಬರೆಯುವವರೆಲ್ಲ ಒಂದು ಟಿ.ವಿ. ಕಾರ್ಯಕ್ರಮಕ್ಕೆ ಕೈ ಮುಗಿದೇ ಮುಂದಕ್ಕೆ ಹೋಗುತ್ತಾರೆ. ಇಎಸ್‌ಪಿಎನ್ ಚಾನೆಲ್ಲಿನ ‘ಕಾಲೇಜ್ ಗೇಮ್‌ಡೇ’ ಅದು. 1987ರಲ್ಲಿ ಸ್ಟುಡಿಯೋದೊಳಗೆ ಹುಟ್ಟಿ, 1993ರ ನವೆಂಬರಿನಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ಅಂಗಳಕ್ಕೆ ಇಳಿದು, ಆಮೇಲಾಮೇಲೆ ಶನಿವಾರ ಬೆಳಗಾದರೆ ಯಾವುದಾದರೊಂದು ದೊಡ್ಡ ಪಂದ್ಯದ ಊರಿನಲ್ಲಿ ಮೇಜು ಹಾಕಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡಿತು. ಬೆನ್ನ ಹಿಂದೆ ಹುಡುಗ ಹುಡುಗಿಯರು ರಟ್ಟಿನ ಫಲಕ ಹಿಡಿದು ಅರಚುತ್ತಿರುತ್ತಾರೆ. ಪಂದ್ಯಕ್ಕೆ ಕಾಯುವುದನ್ನೇ ಒಂದು ಕಲೆಯಾಗಿ ಮಾಡಿದ್ದು ಈ ಕಾರ್ಯಕ್ರಮ ಎಂಬ ಮಾತು ನಾಣ್ಯದ ಹಾಗೆ ಕೈಯಿಂದ ಕೈಗೆ ದಾಟುತ್ತಿದೆ. ಅದು ಖೋಟಾ ನಾಣ್ಯ ಎಂಬುದು ನನ್ನ ವಾದ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಆ ಕಾರ್ಯಕ್ರಮದಲ್ಲಿ ಒಂದು ಒಳ್ಳೆಯ ಗಳಿಗೆ ಇತ್ತು. ಲೀ ಕಾರ್ಸೊ ಎಂಬ ಹಳೆಯ ಕೋಚ್, ಇವತ್ತು ಗೆಲ್ಲುವವರು ಯಾರು ಎಂದು ಬಾಯಲ್ಲಿ ಹೇಳುವ ಬದಲು ಆ ತಂಡದ ಗೊಂಬೆಯ ತಲೆಯನ್ನೇ ತಮ್ಮ ತಲೆಗೆ ಹಾಕಿಕೊಳ್ಳುತ್ತಿದ್ದರು. ಮೊದಲ ಸಲ ಹಾಕಿಕೊಂಡದ್ದು 1996ರ ಅಕ್ಟೋಬರ್ 5ರಂದು, ಓಹಾಯೋ ರಾಜ್ಯದ ಕೊಲಂಬಸ್ಸಿನಲ್ಲಿ. ಓಹಾಯೋ ಸ್ಟೇಟ್ ತಂಡದ ಬ್ರೂಟಸ್ ಬಕೈಯ ತಲೆ, ಅಂದರೆ ಒಂದು ಮರದ ಕಾಯಿ. ಆ ದಿನ ಓಹಾಯೋ ಸ್ಟೇಟ್ 38-7ರಲ್ಲಿ ಪೆನ್ ಸ್ಟೇಟನ್ನು ಬಡಿಯಿತು. ಅಲ್ಲಿಂದ ನಾನೂರಕ್ಕೂ ಹೆಚ್ಚು ಸಲ ಹೀಗೆ ತಲೆ ಬದಲಿಸಿ, 2025ರ ಆಗಸ್ಟ್ 30ರಂದು, ತೊಂಬತ್ತರ ವಯಸ್ಸಿನಲ್ಲಿ, ಅದೇ ಊರಿನಲ್ಲಿ ಅದೇ ಕಾಯಿ ತಲೆ ಹಾಕಿಕೊಂಡು ಅವರು ನಿವೃತ್ತರಾದರು. ಯಕ್ಷಗಾನದ ಬಣ್ಣದ ವೇಷದ ಒಡ್ಡೋಲಗ ನೋಡಿ ಬೆಳೆದ ಕರಾವಳಿಯವರಿಗೆ ಈ ಗಳಿಗೆಯ ರುಚಿ ತಕ್ಷಣ ಹತ್ತುತ್ತದೆ. ಆದರೆ ಬಣ್ಣದ ವೇಷ ತೆರೆಯ ಹಿಂದೆ ಎಷ್ಟು ಹೊತ್ತು ಸತಾಯಿಸುತ್ತದೆ, ಕಿರೀಟದ ತುದಿಯೊಂದನ್ನು ತೋರಿಸಿ ಮತ್ತೆ ಮರೆಯಾಗುತ್ತದೆ! ಇಲ್ಲಿ ತಲೆ ಹಾಕಿಕೊಂಡದ್ದೇ ತಡ, ಜನ ಕೂಗಿದರು, ಜಾಹೀರಾತು ಬಂತು.

ನನ್ನ ತಕರಾರು ಕಾರ್ಸೊ ಅವರ ಮೇಲಲ್ಲ. ಟಿ.ವಿ.ಗೆ ಕಾಯುವಿಕೆಯನ್ನು ತೂಗಲು ಒಂದೇ ತಕ್ಕಡಿ ಗೊತ್ತು: ರ‍್ಯಾಂಕು. ಒಂದನೇ ನಂಬರಿನವರು ಎರಡನೇ ನಂಬರಿನವರನ್ನು ಎದುರಿಸಿದರೆ ಅದು ‘ಶತಮಾನದ ಪಂದ್ಯ’. ಈ ಬಿರುದು ಟಿ.ವಿ.ಗಿಂತ ಹಳೆಯದು, ಬಿಡಿ. 1946ರಲ್ಲಿ ಆರ್ಮಿ-ನೋಟರ್ ಡೇಮ್ ಪಂದ್ಯಕ್ಕೆ ಕೊಟ್ಟಿದ್ದರು, 0-0ರಲ್ಲಿ ಮುಗಿಯಿತು. 1966ರಲ್ಲಿ ನೋಟರ್ ಡೇಮ್-ಮಿಷಿಗನ್ ಸ್ಟೇಟ್ ಪಂದ್ಯಕ್ಕೆ ಕೊಟ್ಟರು, 10-10. 1971ರಲ್ಲಿ ನೆಬ್ರಾಸ್ಕ-ಓಕ್ಲಹೋಮ. ಒಂದು ಶತಮಾನಕ್ಕೆ ಎಷ್ಟು ಶತಮಾನದ ಪಂದ್ಯಗಳು? 2011ರ ನವೆಂಬರಿನಲ್ಲಿ ಅಲಬಾಮಾ ಮತ್ತು ಎಲ್‌ಎಸ್‌ಯು ಟಸ್ಕಲೂಸಾದಲ್ಲಿ ಎದುರಾದಾಗ ವಾರಗಟ್ಟಲೆ ಹೊಗಳಿದವರೇ, ಒಂದೂ ಟಚ್‌ಡೌನ್ ಇಲ್ಲದೆ 9-6ರಲ್ಲಿ ಎಲ್‌ಎಸ್‌ಯು ಗೆದ್ದ ಮೇಲೆ, ಪಂದ್ಯ ಸಪ್ಪೆಯಾಯಿತು ಎಂದು ಗೊಣಗಿದರು. ಪಂದ್ಯ ಸಪ್ಪೆಯಾಗಿರಲಿಲ್ಲ. ಅಂಥ ಬಿಗಿಯಾದ ರಕ್ಷಣೆಯ ಆಟ ಅಪರೂಪ. ಸಪ್ಪೆಯಾಗಿದ್ದದ್ದು ಇವರ ಕಾಯುವಿಕೆ. ಅದರಲ್ಲಿ ಅಂಕಿಗಳನ್ನು ಬಿಟ್ಟರೆ ಏನೂ ಇರಲಿಲ್ಲ.

ಇದರ ಎದುರಿಗೆ ನಾನು ಇಡುವ ಕೃತಿ ಬೇರೆ. ಕೃತಿ ಎಂದೇ ಕರೆಯುತ್ತೇನೆ, ಕರ್ತೃ ಯಾರೆಂದು ಗೊತ್ತಿಲ್ಲದಿದ್ದರೂ. ಓಹಾಯೋ ಸ್ಟೇಟ್ ಮತ್ತು ಮಿಷಿಗನ್ ತಂಡಗಳ ನವೆಂಬರಿನ ಪಂದ್ಯಕ್ಕೆ ಮುಂಚಿನ ವಾರ ಕೊಲಂಬಸ್ಸಿನ ವಿಶ್ವವಿದ್ಯಾಲಯದಲ್ಲಿ ನಾಮಫಲಕಗಳ ಮೇಲಿರುವ ಇಂಗ್ಲಿಷಿನ ‘ಎಂ’ ಅಕ್ಷರಕ್ಕೆಲ್ಲ ಕೆಂಪು ಟೇಪಿನಲ್ಲಿ ಕಾಟು ಹೊಡೆಯುತ್ತಾರಲ್ಲ, ಅದು. ಟೊಲೆಡೊ ಊರಿಗಾಗಿ ಓಹಾಯೋ ಮತ್ತು ಮಿಷಿಗನ್ ಸೀಮೆಗಳು 1835ರಲ್ಲಿ ಬಂದೂಕು ಹಿಡಿದದ್ದು, ವುಡಿ ಹೇಯ್ಸ್ ಮತ್ತು ಬೋ ಶೆಂಬೆಕ್ಲರ್ ಎಂಬ ಗುರುಶಿಷ್ಯ ಕೋಚುಗಳ ಹತ್ತು ವರ್ಷದ ಯುದ್ಧ, ಇವೆಲ್ಲ ಈ ಆಟ ಬಲ್ಲವರಿಗೆ ಗೊತ್ತಿರುವ ಸಂಗತಿ. ಕಾಲಿಗಿಂತ ಕೈಗೆ ಹೆಚ್ಚು ಕೆಲಸವಿರುವ ಆ ಫುಟ್‌ಬಾಲಿನ ನಿಯಮಗಳನ್ನೂ ಇಲ್ಲಿ ಬಿಡಿಸುತ್ತಾ ಕೂರುವುದಿಲ್ಲ. ಎಲ್ಲರೂ ಈ ಟೇಪಿನ ಬಗ್ಗೆ ಒಂದು ಸಾಲು ಬರೆದು, ಹುಡುಗಾಟ ಎಂದು ನಕ್ಕು ಮುಂದೆ ಹೋಗುತ್ತಾರೆ. ನಾನು ಅಲ್ಲೇ ನಿಲ್ಲಬೇಕೆಂದಿದ್ದೇನೆ.

ಮೊದಲು ಟೇಪನ್ನೇ ನೋಡಿ. ಅಕ್ಷರ ಬೇಡವೆಂದರೆ ಅದರ ಮೇಲೆ ಬಟ್ಟೆ ಹೊದಿಸಬಹುದಿತ್ತು, ಕಾಗದ ಅಂಟಿಸಬಹುದಿತ್ತು. ಹಾಗೆ ಮಾಡುವುದಿಲ್ಲ. ಎರಡು ಪಟ್ಟಿ, ಅಡ್ಡಡ್ಡ. ಕೆಳಗಿನ ಅಕ್ಷರ ಚೆನ್ನಾಗಿ ಕಾಣುತ್ತಲೇ ಇರುತ್ತದೆ. ನಾನು ನೋಡಿದ ಒಂದು ಕಟ್ಟಡದ ಫಲಕದಲ್ಲಿ ಚಳಿಗೆ ಟೇಪಿನ ತುದಿ ಎದ್ದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಉಳಿದ ಅಕ್ಷರಗಳನ್ನು ಯಾರೂ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಅದರ ಮೇಲೇ. ವರ್ಷದ ಐವತ್ತೊಂದು ವಾರ ಆ ಊರಿನಲ್ಲಿ ‘ಎಂ’ ಇಪ್ಪತ್ತಾರರಲ್ಲಿ ಒಂದು ಅಕ್ಷರ. ಕಾಟು ಹೊಡೆದ ವಾರ ಮಾತ್ರ ಊರ ತುಂಬ ಅದೊಂದೇ ಅಕ್ಷರ. ಕರಡು ತಿದ್ದಿದವರಿಗೆ ಇದು ಗೊತ್ತು: ಹೊಡೆದು ಹಾಕಿದ ಪದ ಪುಟದಲ್ಲಿ ಎದ್ದು ಕಾಣುವಷ್ಟು ಉಳಿಸಿಕೊಂಡ ಪದ ಕಾಣುವುದಿಲ್ಲ.

ಇದರ ಹಿಂದೆ ಹೆಸರು ಹೇಳದಿರುವ ಒಂದು ಹಳೆಯ ವ್ರತವಿದೆ. ಓಹಾಯೋ ಸ್ಟೇಟಿನ ಕೋಚ್ ವುಡಿ ಹೇಯ್ಸ್ ಮಿಷಿಗನ್ ಎನ್ನುತ್ತಿರಲಿಲ್ಲ, ಉತ್ತರದ ಆ ರಾಜ್ಯ ಎನ್ನುತ್ತಿದ್ದರು. ನಮ್ಮ ಕಡೆ ಗಂಡನ ಹೆಸರು ಹೇಳದ ಹೆಂಗಸರು ‘ಇವರು’, ‘ನಮ್ಮ ಮನೆಯವರು’ ಎಂದು ಸುತ್ತಿ ಬಳಸಿ ಹೇಳಿದ ಹಾಗೆ. ಅಲ್ಲಿ ಭಕ್ತಿ, ಇಲ್ಲಿ ದ್ವೇಷ ಎಂದು ಬೇರೆ ಮಾಡಿಬಿಡಬೇಡಿ. ಉತ್ತರ ಕರ್ನಾಟಕದ ಮದುವೆ ಮನೆಯಲ್ಲಿ ಒಡಪು ಹಾಕಿ ಹೆಸರು ಹೇಳಿಸುವಾಗ ಮದುಮಗಳು ಎಷ್ಟು ತಡ ಮಾಡುತ್ತಾಳೋ ಸುತ್ತ ಕೂತವರ ಕಿವಿ ಅಷ್ಟು ನೆಟ್ಟಗಾಗುತ್ತದೆ. ತಡೆದ ಹೆಸರಿಗೆ ತೂಕ ಬರುತ್ತದೆ. ಕೊಲಂಬಸ್ಸಿನವರು ಒಂದು ವಾರ ಪೂರ್ತಿ ತಡೆಯುತ್ತಾರೆ.

ಇನ್ನೂ ಹತ್ತಿರ ಹೋದರೆ ನಿಜವಾದ ತಮಾಷೆ ಕಾಣುತ್ತದೆ. ಆ ಅಕ್ಷರ ಶತ್ರುವಿನ ಸ್ವತ್ತಲ್ಲ. ಅವರದೇ ಗ್ರಂಥಾಲಯದ ಥಾಂಪ್ಸನ್ ಎಂಬ ಹೆಸರಿನಲ್ಲಿದೆ. ಲಕ್ಷ ಜನ ಕೂರುವ ಅವರ ಓಹಾಯೋ ಸ್ಟೇಡಿಯಂನ ಕೊನೆಯ ಅಕ್ಷರ ಅದೇ. ಇಂಗ್ಲಿಷಿನಲ್ಲಿ ಟೀಮ್ ಎಂದು ಬರೆಯಲು ಬೇಕು, ಅವರು ‘ದಿ ಗೇಮ್’ ಎಂದೇ ಕರೆಯುವ ಈ ಪಂದ್ಯದ ಹೆಸರಿಗೂ ಬೇಕು. ಕಡೆಗೆ ಅವರ ಊರ ನಟ್ಟನಡುವೆಯೂ ಅದು ಕೂತಿದೆ. ಇನ್ನೊಬ್ಬರನ್ನು ಅಳಿಸಲು ಹೊರಟವರು ತಮ್ಮ ಮೈಗೇ ಕೆಂಪು ಗೆರೆ ಎಳೆದುಕೊಳ್ಳುತ್ತಾರೆ. ಮಿಷಿಗನ್ ಇಲ್ಲದೆ ತಮ್ಮ ಹೆಸರನ್ನೂ ನೆಟ್ಟಗೆ ಬರೆಯಲಾಗದು ಎಂದು ವರ್ಷಕ್ಕೊಮ್ಮೆ ಊರಿಗೆ ಊರೇ ಬಹಿರಂಗವಾಗಿ ಒಪ್ಪಿಕೊಳ್ಳುವ ಈ ರೀತಿಗೆ ಸಮನಾದ ಒಂದು ಗಳಿಗೆಯನ್ನು ಟಿ.ವಿ.ಯವರು ಇಷ್ಟು ವರ್ಷಗಳಲ್ಲಿ ತೋರಿಸಿದ್ದಾರೆಯೇ? ಇದೇ ವಿಶ್ವವಿದ್ಯಾಲಯ 2022ರಲ್ಲಿ ‘ದಿ’ ಎಂಬ ಪದವನ್ನು ಬಟ್ಟೆಗಳ ಮೇಲೆ ಹಾಕಲು ಟ್ರೇಡ್‌ಮಾರ್ಕ್ ಪಡೆಯಿತು. ಒಂದು ಪದ ನಮ್ಮದು, ಒಂದು ಅಕ್ಷರ ನಮ್ಮದಲ್ಲ! ಮಿಷಿಗನ್ನಿನವರೂ ಕಡಿಮೆಯಿಲ್ಲ. ಅವರ ಕೋಚ್ ಆಗಿದ್ದ ಬ್ರೇಡಿ ಹೋಕ್ ‘ಸ್ಟೇಟ್’ ಕತ್ತರಿಸಿ ಬರೀ ‘ಓಹಾಯೋ’ ಎನ್ನುತ್ತಿದ್ದರು. ಆದರೆ ಅದು ಚಿಲ್ಲರೆ ಚೇಷ್ಟೆ. ಇನ್ನೊಬ್ಬರ ಹೆಸರು ತುಂಡು ಮಾಡಲು ಧೈರ್ಯ ಬೇಕಿಲ್ಲ.

ನಮ್ಮ ಲಿಪಿಯಲ್ಲಿ ಈ ಆಟ ನಡೆಯುವುದಿಲ್ಲ ಎಂಬುದು ಅಲ್ಲಿ ನಿಂತಾಗಲೇ ಹೊಳೆಯಿತು. ಕನ್ನಡದಲ್ಲಿ ‘ಮಿ’ಗೆ ಕಾಟು ಹೊಡೆದರೆ ಸ್ವರವೂ ಜೊತೆಯಲ್ಲೇ ಹೋಗುತ್ತದೆ. ಅಮ್ಮನಲ್ಲಿ ಉಳಿಯುವುದು ಬರೀ ಅ. ಕೊಲಂಬಸ್ ಎಂದು ಬರೆದರೆ ಆ ಅಕ್ಷರ ಆಗಲೇ ಒಂದು ಸೊನ್ನೆ. ಯಾರೂ ಟೇಪು ತರಬೇಕಾಗಿಲ್ಲ.

ಆ ವಾರ ಕೊಲಂಬಸ್ಸಿನಲ್ಲಿ ನಾನು ಉಳಿದುಕೊಂಡಿದ್ದದ್ದು ಅಕ್ಕನ ಮಗನ ಮನೆಯಲ್ಲಿ. ಅವನ ಮಗಳು ಮೂರನೇ ಕ್ಲಾಸು. ಅವಳ ಹೆಸರು ಶುರುವಾಗುವುದೇ ಆ ಅಕ್ಷರದಿಂದ. ಸೋಮವಾರ ಸಂಜೆ ಅಡುಗೆಮನೆ ಮೇಜಿನ ಮೇಲೆ ನೋಟ್‌ಬುಕ್ ಹರಡಿಕೊಂಡು, ಒಂದೊಂದರ ಮೇಲೂ ತನ್ನ ಹೆಸರಿನ ಮೊದಲ ಅಕ್ಷರಕ್ಕೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಕಾಟು ಹೊಡೆಯುತ್ತಿದ್ದಳು. ಅಕ್ಕ ಕಂಗಾಲಾದಳು. “ಅಯ್ಯೋ, ತನ್ನ ಹೆಸರಿಗೆ ತಾನೇ ಕಾಟು ಹೊಡ್ಕೋತಾರೇನೇ ಪುಟ್ಟಿ? ಬಿಡ್ತು ಅನ್ನು!” ಅವಳು ತಲೆ ಎತ್ತದೆ ಹೇಳಿದಳು: “ಒಂದೇ ವಾರ ಅಜ್ಜಿ. ಶನಿವಾರ ಆದ್ಮೇಲೆ ವಾಪಸ್ ಬರುತ್ತೆ.” ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ನನಗೆ ಸಿಕ್ಕಿಲ್ಲ.

ಈಗ ವಿಮರ್ಶಕರ ಮಾತು. ಅಲ್ಲಿಯವರಿಗಿಂತ ನಮ್ಮವರ ಮೇಲೆ ನನಗೆ ಸಿಟ್ಟು ಜಾಸ್ತಿ. ಅಮೆರಿಕದ ಯಾವ ಆಟದ ಮಾತು ಬಂದರೂ ನಮ್ಮ ಸೆಮಿನಾರುಗಳಲ್ಲಿ ಯಾರಾದರೊಬ್ಬರು ಫ್ರೆಂಚ್ ಚಿಂತಕ ರೋಲಾಂ ಬಾರ್ತ್ ಅವರನ್ನು ಕರೆತರುತ್ತಾರೆ. 1957ರ ‘ಮಿಥಾಲಜೀಸ್’ ಪುಸ್ತಕದ ಕುಸ್ತಿ ಪ್ರಬಂಧವನ್ನು ಓದಿದವರಿಗೆ ಎಲ್ಲ ಆಟವೂ ಕುಸ್ತಿಯಾಗಿಯೇ ಕಾಣುತ್ತದೆ. ಆದರೆ ಬಾರ್ತ್ ಬರೆದದ್ದು ಅಂತ್ಯ ಗೊತ್ತಿರುವ ಕುಸ್ತಿಯ ಬಗ್ಗೆ. ಅಂತ್ಯ ಗೊತ್ತಿರುವ ಕಡೆ ಕಾಯುವುದಕ್ಕೆ ಏನಿದೆ? ಇನ್ನೊಂದು ಪಂಗಡದವರಿಗೆ ಇದೆಲ್ಲ ಮಾರುಕಟ್ಟೆಯ ಮಾಯೆ, ಅಭಿಮಾನಿ ಎಂದರೆ ಗಿರಾಕಿ. ದುಡ್ಡಿನ ಮಾತು ನಿಜವೇ. 2021ರವರೆಗೆ ಆ ಆಟಗಾರ ಹುಡುಗರು ತಮ್ಮ ಸ್ವಂತ ಹೆಸರನ್ನು ತಾವೇ ಮಾರಿಕೊಳ್ಳುವಂತಿರಲಿಲ್ಲ. ಅವರ ಬೆವರಿನ ಮೇಲೆ ವಿಶ್ವವಿದ್ಯಾಲಯಗಳು ಅರಮನೆ ಕಟ್ಟಿದವು. ಅದನ್ನು ಬೈಯಿರಿ, ನಾನೂ ದನಿಗೂಡಿಸುತ್ತೇನೆ. ಆದರೆ ಒಂದು ಉರುಳೆ ಟೇಪಿಗೆ ಎಷ್ಟಾಗುತ್ತದೆ? ಮಾರುಕಟ್ಟೆ ಎಂಬ ಒಂದೇ ಕೀಲಿಕೈಯನ್ನು ಎಲ್ಲ ಬೀಗಕ್ಕೂ ತುರುಕುವವರು ಬಾಗಿಲು ತೆರೆಯಿತೋ ಇಲ್ಲವೋ ಎಂದು ನೋಡುವುದೂ ಇಲ್ಲ.

ಇವರಿಗೆ ನಾನು ಶಿಕಾಗೊ ವಿಶ್ವವಿದ್ಯಾಲಯ ತೋರಿಸುತ್ತೇನೆ. ನಮ್ಮ ಎ.ಕೆ. ರಾಮಾನುಜನ್ ದಶಕಗಳ ಕಾಲ ಪಾಠ ಹೇಳಿದ ಆ ವಿಶ್ವವಿದ್ಯಾಲಯ ಒಂದು ಕಾಲಕ್ಕೆ ಫುಟ್‌ಬಾಲಿನ ದೈತ್ಯ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಮೊದಲು, 1935ರಲ್ಲಿ, ಹೋದದ್ದು ಅಲ್ಲಿಯ ಜೇ ಬರ್ವ್ಯಾಂಗರ್‌ಗೆ. ಮಿಷಿಗನ್ನಿನವರು ಇವತ್ತಿಗೂ ಹಾಡುವ ತಂಡದ ಹಾಡು ಹುಟ್ಟಿದ್ದು 1898ರಲ್ಲಿ, ಓಹಾಯೋವನ್ನಲ್ಲ, ಶಿಕಾಗೊವನ್ನು ಸೋಲಿಸಿದ ಖುಷಿಯಲ್ಲಿ. 1939ರಲ್ಲಿ ಶಿಕಾಗೊ ದೊಡ್ಡ ಫುಟ್‌ಬಾಲನ್ನೇ ಬಿಟ್ಟುಕೊಟ್ಟಿತು. ಅದರ ಹಳೆಯ ಸ್ಟ್ಯಾಗ್ ಫೀಲ್ಡ್ ಕ್ರೀಡಾಂಗಣದ ಮೆಟ್ಟಿಲುಗಳ ಅಡಿಯಲ್ಲೇ 1942ರ ಡಿಸೆಂಬರಿನಲ್ಲಿ ಭೌತವಿಜ್ಞಾನಿ ಫರ್ಮಿ ಮೊದಲ ಪರಮಾಣು ಸರಪಳಿ ಕ್ರಿಯೆ ನಡೆಸಿದರು. ಹಾಡು ಉಳಿಯಿತು, ಕಾಯುವವರು ಹೋದರು. ಮಾರುಕಟ್ಟೆಗೆ ಕಾಯುವಿಕೆಯನ್ನು ಹುಟ್ಟಿಸುವ ಶಕ್ತಿ ಇದ್ದಿದ್ದರೆ ಇಷ್ಟು ದೊಡ್ಡ ನಗರದಲ್ಲಿ ಅದನ್ನು ಸಾಯಲು ಬಿಡುತ್ತಿತ್ತೇ?

ಮತ್ತೆ ಓಹಾಯೋ ಸ್ಟೇಟ್-ಮಿಷಿಗನ್ ಪಂದ್ಯಕ್ಕೆ ಬರೋಣ. ಅದರ 2006ರ ವಾರವನ್ನು ಎಲ್ಲರೂ ಶಿಖರ ಎನ್ನುತ್ತಾರೆ. ಎರಡೂ ತಂಡ ಸೋಲೇ ಕಾಣದೆ ಬಂದಿದ್ದವು, ಒಂದನೇ ಮತ್ತು ಎರಡನೇ ನಂಬರು. 42-39ರಲ್ಲಿ ಓಹಾಯೋ ಸ್ಟೇಟ್ ಗೆದ್ದಿತು. ಆ ವಾರದ ನಿಜವಾದ ಘಟನೆ ಅಂಕಪಟ್ಟಿಯಲ್ಲಿಲ್ಲ. ಓಹಾಯೋದಲ್ಲಿ ಹುಟ್ಟಿ, ಹೇಯ್ಸ್ ಕೈಕೆಳಗೆ ಪಳಗಿ, ಮಿಷಿಗನ್ನಿಗೆ ಹೋಗಿ ಗುರುವಿಗೇ ತಿರುಗಿ ನಿಂತ ಶೆಂಬೆಕ್ಲರ್, ಪಂದ್ಯದ ಹಿಂದಿನ ದಿನ ತೀರಿಕೊಂಡರು. ಯಾವ ರ‍್ಯಾಂಕಿನಲ್ಲಿ ಇದನ್ನು ಹಿಡಿಯುತ್ತೀರಿ?

ರ‍್ಯಾಂಕಿನ ಸಿದ್ಧಾಂತ ಪೂರ್ತಿ ಮುರಿದು ಬಿದ್ದದ್ದು 2024ರಲ್ಲಿ. ಮಿಷಿಗನ್ ಆರು ಗೆದ್ದು ಐದು ಸೋತು ಬಂದಿತ್ತು, ಓಹಾಯೋ ಸ್ಟೇಟ್ ಎರಡನೇ ನಂಬರಿನಲ್ಲಿತ್ತು. ಟಿ.ವಿ. ತಕ್ಕಡಿಯಲ್ಲಿ ಇದು ಪಂದ್ಯವೇ ಅಲ್ಲ. ಕೊಲಂಬಸ್ಸಿನಲ್ಲಿ ಟೇಪು ಎಂದಿನಂತೆ ಬಿತ್ತು. ಮಿಷಿಗನ್ 13-10ರಲ್ಲಿ ಗೆದ್ದು, ಎದುರಾಳಿಯ ಅಂಗಳದ ಮಧ್ಯೆ ಬಾವುಟ ನೆಡಲು ಹೋಗಿ ಹೊಡೆದಾಟವಾಗಿ, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆಯಬೇಕಾಯಿತು. ಎರಡು ತಿಂಗಳೊಳಗೆ ಇದೇ ಓಹಾಯೋ ಸ್ಟೇಟ್ ರಾಷ್ಟ್ರೀಯ ಚಾಂಪಿಯನ್ ಆಯಿತು. ಆದರೂ ಆ ಶನಿವಾರದ ಮಾತು ತೆಗೆದರೆ ಅಕ್ಕನ ಮಗ ಈಗಲೂ ಎದ್ದು ಹೋಗಿ ಕಾಫಿ ಮಾಡುತ್ತಾನೆ. ಅದಕ್ಕೂ ಮೊದಲು, 2020ರಲ್ಲಿ, ಕೋವಿಡ್ಡಿನಿಂದ ಪಂದ್ಯವೇ ರದ್ದಾಗಿತ್ತು. 1918ರಿಂದ ತಪ್ಪದೆ ನಡೆದದ್ದು ಮೊದಲ ಸಲ ನಿಂತಿತು. ಗೇಮ್‌ಡೇಗೆ ಬೇರೆ ಊರುಗಳಿರುತ್ತವೆ. ಕೊಲಂಬಸ್ಸಿಗೆ ಬೇರೆ ಅಕ್ಷರವಿಲ್ಲ.

ದೋಷ ಇಲ್ಲವೇ? ಇದೆ. ಈಗೀಗ ವಿಶ್ವವಿದ್ಯಾಲಯವೇ ಈ ಟೇಪಿನ ಚಿತ್ರಗಳನ್ನು ಹಾಕಿಕೊಂಡು ಮೆರೆಸುತ್ತದೆ. ಆಡಳಿತ ಕಚೇರಿ ಮುಂದೆ ನಿಂತು ಮಾಡಿಸುವ ಕಿಡಿಗೇಡಿತನದಲ್ಲಿ ಉಪ್ಪು ಇರುವುದಿಲ್ಲ. ಇನ್ನು ಹತ್ತು ವರ್ಷಕ್ಕೆ ಇದೂ ಕಾಯಿ ತಲೆಯ ದಾರಿ ಹಿಡಿಯಬಹುದು.

ಅಷ್ಟರೊಳಗೆ ನೋಡಬೇಕೆನ್ನುವವರಿಗೆ ಒಂದು ಮಾತು. ಪಂದ್ಯ ನವೆಂಬರಿನ ಕೊನೆಯ ಶನಿವಾರ; ಸಮಸಂಖ್ಯೆಯ ವರ್ಷಗಳಲ್ಲಿ ಕೊಲಂಬಸ್ಸಿನಲ್ಲಿ, ಉಳಿದ ವರ್ಷ ಆನ್ ಆರ್ಬರಿನಲ್ಲಿ. ಟಿಕೆಟ್ ಸಿಗುವುದಿಲ್ಲ, ಸಿಕ್ಕರೂ ಮೈ ಸುಡುವ ಬೆಲೆ. ಶನಿವಾರಕ್ಕೆ ಹೋಗಬೇಡಿ. ಸೋಮವಾರ ಹೋಗಿ, ಗ್ರಂಥಾಲಯದ ಬಾಗಿಲಿನಿಂದ ಶುರು ಮಾಡಿ.