ಹಸುವಿನ ಮೇವಿನಲ್ಲಿ ಕೊಬ್ಬು ಮತ್ತು ಗರ್ಭಧಾರಣೆ: ಒಂದು ವಿಮರ್ಶೆ

ಕರು ಹಾಕಿದ ಹಸುವಿಗೆ ಮೇವಿನೊಡನೆ ಕೊಬ್ಬನ್ನು ಕೊಟ್ಟರೆ ಅದು ಬೇಗ ಗಬ್ಬವಾಗುತ್ತದೆ ಎಂಬ ಮಾತು ಪಶುಪೋಷಣ ಶಾಸ್ತ್ರದ ಪಾಠಗಳಲ್ಲಿ ಸೂತ್ರಪ್ರಾಯವಾಗಿ ಬಳಕೆಗೆ ಬಂದಿದೆ. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವು ಪರೀಕ್ಷೆಗೆ ನಿಲ್ಲದೆಂಬುದೇ ನಮ್ಮ ಆಕ್ಷೇಪ.

ಆ ಕಾರಣ ಹೀಗಿದೆ: ಕರು ಹಾಕಿದ ಮೊದಲ ವಾರಗಳಲ್ಲಿ ಹಾಲಿನ ಮೂಲಕ ಹೊರಹೋಗುವ ಶಕ್ತಿಯು ಮೇವಿನಿಂದ ಬರುವ ಶಕ್ತಿಯನ್ನು ಮೀರುತ್ತದೆ. ಹಸು ತನ್ನ ಮೈಯ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ, ಬೆದೆ ತಡವಾಗುತ್ತದೆ. ಕೊಬ್ಬಿನ ಶಕ್ತಿಯು ಪಿಷ್ಟದ ಶಕ್ತಿಯ ಸುಮಾರು ಎರಡೂಕಾಲು ಪಟ್ಟು. ಆದುದರಿಂದ ಅದು ಕೊರತೆಯನ್ನು ನೀಗುತ್ತದೆ. ಗಣಿತ ಸರಿ, ಹಸುವಿನ ದೇಹ ಅದನ್ನು ಅನುಸರಿಸುವುದಿಲ್ಲ. ಹೆಚ್ಚಾಗಿ ಬಂದ ಶಕ್ತಿ ಅನೇಕ ವೇಳೆ ಹಾಲಾಗಿಯೇ ಹರಿದುಹೋಗುತ್ತದೆ. ಕೆಲವೊಮ್ಮೆ ಹಸು ತಿನ್ನುವ ಮೇವೇ ಕಡಮೆಯಾಗುತ್ತದೆ. ಎಣ್ಣೆಯನ್ನು ಹಾಗೆಯೇ ಮಿತಿಮೀರಿ ಬೆರೆಸಿದರೆ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ನಾರನ್ನು ಸರಿಯಾಗಿ ಜೀರ್ಣಿಸಲಾರವು. 1980ರ ದಶಕದಲ್ಲಿ ಅಮೆರಿಕದ ಓಹಾಯೋದಲ್ಲಿ ಪಾಮ್‌ಕ್ವಿಸ್ಟ್ ಮತ್ತು ಜೆಂಕಿನ್ಸ್ ಪರೀಕ್ಷಿಸಿದ ಕ್ಯಾಲ್ಸಿಯಂ ಲವಣರೂಪದ ಕೊಬ್ಬು ಮೊದಲ ಹೊಟ್ಟೆಯನ್ನು ಬಹುಮಟ್ಟಿಗೆ ಕರಗದೆ ದಾಟಿ, ನಾಲ್ಕನೆಯ ಹೊಟ್ಟೆಯ ಆಮ್ಲದಲ್ಲಿ ಬಿಡಿಯಾಗುತ್ತದೆ. ಇದರಿಂದ ಜೀರ್ಣದ ತೊಡಕು ತಗ್ಗಿತು. ಗರ್ಭಧಾರಣೆಯ ಪ್ರಶ್ನೆ ಉಳಿಯಿತು.

1998ರಲ್ಲಿ ಸ್ಟೇಪಲ್ಸ್, ಬರ್ಕ್ ಮತ್ತು ಥ್ಯಾಚರ್ ತಮ್ಮ ಸಮೀಕ್ಷೆಯಲ್ಲಿ ಶಕ್ತಿಯ ಜೊತೆಗೆ ಪ್ರೊಜೆಸ್ಟರಾನ್, ಇನ್ಸುಲಿನ್ ಮತ್ತು ಪ್ರೊಸ್ಟಗ್ಲಾಂಡಿನ್‌ಗಳನ್ನೂ ಸಂಭಾವ್ಯ ಕಾರಣಗಳಾಗಿ ಮುಂದಿಟ್ಟರು. ಗರ್ಭಾಶಯದ ಪ್ರೊಸ್ಟಗ್ಲಾಂಡಿನ್ ಅಂಡಾಶಯದ ಪೀತಪಿಂಡವನ್ನು ನಾಶಮಾಡುತ್ತದೆ. ಭ್ರೂಣ ನಿಲ್ಲಬೇಕಾದರೆ ಆ ಸ್ರಾವ ತಗ್ಗಬೇಕು. ಮೀನೆಣ್ಣೆಯ ಒಮೇಗಾ-3 ಆಮ್ಲಗಳಿಗೆ ಅದನ್ನು ತಗ್ಗಿಸುವ ಗುಣವುಂಟು. ಪಾಮ್ ಎಣ್ಣೆಯ ಪಾಲ್ಮಿಟಿಕ್ ಆಮ್ಲದಿಂದ ಅದೇ ಕಾರ್ಯವನ್ನು ನಿರೀಕ್ಷಿಸುವಂತಿಲ್ಲ. ಹೀಗಿರಲಾಗಿ ಎಲ್ಲವನ್ನೂ 'ಕೊಬ್ಬು' ಎಂಬ ಒಂದೇ ಹೆಸರಿನಲ್ಲಿ ಕರೆಯುವುದು ಶಾಸ್ತ್ರೀಯವಲ್ಲ.

2015ರಲ್ಲಿ ರಾಡ್ನಿ ಮತ್ತು ಸಹೋದ್ಯೋಗಿಗಳು 17 ಅಧ್ಯಯನಗಳನ್ನು ಒಟ್ಟುಗೂಡಿಸಿ, ಕರು ಹಾಕುವ ಆಸುಪಾಸಿನ ದಿನಗಳಲ್ಲಿ ಕೊಬ್ಬು ಪಡೆದ ಹಸುಗಳಲ್ಲಿ ಗರ್ಭಧಾರಣೆಯ ಪ್ರಮಾಣ ಶೇಕಡ 27ರಷ್ಟು ಹೆಚ್ಚಿತೆಂದು ತೋರಿಸಿದರು. ಇದು ಮಹತ್ತ್ವದ ಫಲಿತಾಂಶವೇ ಸರಿ. ಆದರೆ ಈ ಅಂಕಿ ಸಾಪೇಕ್ಷವಾದುದು: ನೂರರಲ್ಲಿ 30 ಹಸುಗಳು ಗಬ್ಬವಾಗುವಲ್ಲಿ ಸುಮಾರು 38 ಆಗುತ್ತವೆಯೇ ಹೊರತು 57 ಅಲ್ಲ. ವಿದ್ಯಾರ್ಥಿಗಳು ಇದನ್ನು ತಪ್ಪಾಗಿ ಓದಿದರೆ, ಅವರ ಸಲಹೆಯನ್ನು ನಂಬಿ ಬೈಪಾಸ್ ಫ್ಯಾಟ್ ಕೊಳ್ಳುವ ಎರಡು ಹಸುಗಳ ಒಡೆಯನೇ ಆ ತಪ್ಪಿನ ಬೆಲೆ ತೆರಬೇಕಾಗುತ್ತದೆ.

ಆದುದರಿಂದ ಕೊಬ್ಬು ಬೇಕೇ ಬೇಡವೇ ಎಂದು ಕೇಳುವ ಮೊದಲು ಯಾವ ಕೊಬ್ಬು, ಎಷ್ಟು, ಯಾವ ದಿನಗಳಲ್ಲಿ, ಎಂಥ ಮೇವಿನೊಡನೆ ಎಂದು ಕೇಳುವುದನ್ನು ತರಗತಿಯಲ್ಲಿ ಕಲಿಸಬೇಕೆಂಬುದು ನಮ್ಮ ವಿನಂತಿ. ಹೊಟ್ಟೆ ತುಂಬ ಒಳ್ಳೆಯ ಹುಲ್ಲಿಲ್ಲದ ಹಸುವಿಗೆ ಕೊಬ್ಬಿನ ಪೊಟ್ಟಣವು ಚಿಕಿತ್ಸೆಯಾಗಲಾರದು.