ಚ್‌ಮಾಡ್ 777 ಮಾಡಬ್ಯಾಡ್ರಿ

ಲಿನಕ್ಸ್ ಸರ್ವರಿನಲ್ಲಿ ಸೈಟ್ ತೆರೆಯದೆ 403 ಬಂತು ಅಂದ್ರೆ ಸಿಗುವ ಮೊದಲ ಸಲಹೆ ‘ಚ್‌ಮಾಡ್ 777 ಹೊಡಿ’. ಹೆಸರಿನಲ್ಲೇ ‘ಮಾಡ್’ ಇದೆಯಲ್ಲ, ಅದಕ್ಕೋ ಏನೋ, ಯೋಚಿಸುವ ಮುಂಚೆ ಮಾಡಿಯೇಬಿಡ್ತೀವಿ. ಇದು ಅಪಾಯ ಅಂತ ಬೈಯೋರು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಅದಕ್ಕಿಂತ ಮೊದಲಿನದು: ಬಹಳ ಸಲ ಅದರಿಂದ ಕೆಲಸವೇ ಆಗಲ್ಲ.

ಪಾರ್ವತಿನಗರದ ಗೆಳೆಯನೊಬ್ಬ ಸಣ್ಣ ಜೀನ್ಸ್ ಘಟಕವೊಂದರ ಸೈಟನ್ನು ಉಬುಂಟು 18.04ರ ಸರ್ವರಿನಿಂದ 22.04ರ ಹೊಸ ಸರ್ವರಿಗೆ ಸಾಗಿಸಿದ. ಫೈಲುಗಳು ಅವೇ, ಅಪಾಚೆ ಸೆಟ್ಟಿಂಗೂ ಅದೇ, ಬಂದದ್ದು ಮಾತ್ರ 403. ಸೈಟಿನ ಫೋಲ್ಡರಿಗೂ ಒಳಗಿನ ಅಷ್ಟೂ ಫೋಲ್ಡರುಗಳಿಗೂ 777 ಕೊಟ್ಟ. ‘ಎಲ್ಲಾ ಬಾಗ್ಲ ತೆಗ್ದೀನಿ, ಆದ್ರೂ ಒಳಗ ಬಿಡವಲ್ದು ನೋಡಲೇ’ ಅಂತ ನನಗೆ ಫೋನು.

ಅವನು ತೆಗೆದದ್ದು ನಮ್ಮ ಬಳ್ಳಾರಿ ಗುಡ್ಡದ ಮೇಲಿನ ಕೋಟೆಯ ಬಾಗಿಲು. ಮುಚ್ಚಿದ್ದದ್ದು ಕೆಳಗಿನ ಕೋಟೆಯದು. ಸೈಟ್ ಇದ್ದದ್ದು ಅವನ ಹೋಮ್ ಫೋಲ್ಡರಿನೊಳಗೆ. ಉಬುಂಟು 21.04ರಿಂದ ಈಚೆಗೆ ಹೊಸ ಬಳಕೆದಾರರ ಹೋಮ್‌ಗೆ 755ರ ಬದಲು 750 ಬೀಳುತ್ತೆ. ಅಪಾಚೆ ಓಡೋದು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಅನ್ನೋ ಬೇರೆ ಬಳಕೆದಾರನ ಹೆಸರಲ್ಲಿ. ಅವನಿಗೆ ಹೊಸಿಲು ದಾಟೋಕೇ ಬಿಡದಿದ್ದ ಮೇಲೆ ಒಳಮನೆ ತೆರೆದಿಟ್ಟು ಏನು ಬಂತು?

ಅಪಾಚೆಯ ಎರರ್ ಲಾಗ್ ಇದನ್ನು ನೇರವಾಗೇ ಹೇಳಿತ್ತು: ದಾರಿಯ ಯಾವುದೋ ಒಂದು ಭಾಗದಲ್ಲಿ ‘ಸರ್ಚ್ ಪರ್ಮಿಷನ್’ ಇಲ್ಲ. ಇಂಡೆಕ್ಸ್ ಫೈಲ್ ಇಲ್ಲದಿದ್ದರೂ 403, ಕಾನ್ಫಿಗ್ ತಡೆದರೂ 403. ಬ್ರೌಸರಿಗೆ ಎಲ್ಲಾ ಒಂದೇ, ಲಾಗ್ ಮಾತ್ರ ಬೇರೆ ಬೇರೆ ಹೇಳುತ್ತೆ. ಈ ವಿಷಯದಲ್ಲಿ ಅಪಾಚೆಗೆ ಪೂರ್ತಿ ಅಂಕ. ಬೈಯಬೇಕಾದದ್ದು ಯುನಿಕ್ಸಿನ ಹಳೇ ನಾಮಕರಣವನ್ನ. ಲಾಗ್ ‘ಸರ್ಚ್’ ಅನ್ನುತ್ತೆ, ಪಟ್ಟಿಯಲ್ಲಿ ಕಾಣೋದು ‘ಎಕ್ಸ್’. ಅದೇ ಎಕ್ಸ್ ಫೈಲಿನ ಮೇಲಿದ್ದರೆ ‘ಓಡಿಸು’, ಫೋಲ್ಡರಿನ ಮೇಲಿದ್ದರೆ ‘ಹಾದುಹೋಗು’. ಒಂದೇ ಅಕ್ಷರಕ್ಕೆ ಎರಡು ಕೆಲಸ ಹಚ್ಚಿದರೆ ಹೊಸಬರು ದಾರಿ ತಪ್ಪದೆ ಇನ್ನೇನು?

‘ನೇಮ್‌ಐ -ಎಲ್’ ಕಮಾಂಡಿಗೆ ಸೈಟಿನ ಪೂರ್ತಿ ಪಾತ್ ಕೊಟ್ಟರೆ, ರೂಟಿನಿಂದ ಹಿಡಿದು ಪ್ರತಿ ಮೆಟ್ಟಿಲಿನ ಪರ್ಮಿಷನ್ ಸಾಲಾಗಿ ತೋರಿಸುತ್ತೆ. ಎಲ್ಲಿ ಮುಗ್ಗರಿಸ್ತಿದೆ ಅನ್ನೋದು ಒಂದೇ ನೋಟಕ್ಕೆ ಸಿಗುತ್ತೆ. ಸೈಟನ್ನು ‘/ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು’ಗೆ ಸಾಗಿಸೋದು ನನ್ನ ಆಯ್ಕೆ. ಹೋಮಿನಲ್ಲೇ ಇರಬೇಕು ಅನ್ನೋ ಹಟವಿದ್ದರೆ, ‘ಸೆಟ್‌ಎಫ್‌ಎಸಿಎಲ್’ನಿಂದ ಅಪಾಚೆಯ ಬಳಕೆದಾರನಿಗೆ ಮಾತ್ರ ಎಕ್ಸ್ ಕೊಟ್ಟರೆ ಸಾಕು.

ಸೈಟ್ ಬಂದ ಮೇಲೆ ಆ 777ಗಳನ್ನ ಯಾರೂ ವಾಪಸ್ ತಗೊಳಲ್ಲ. ಕೆಲಸಕ್ಕೆ ಬಾರದ ಮದ್ದು ಮೈಯಲ್ಲೇ ಉಳೀತದೆ. ನಾಳೆ ಯಾವುದೋ ಪ್ಲಗಿನ್ನಿನಲ್ಲಿ ತೂತು ಸಿಕ್ಕರೆ, ಒಳಬಂದವನು ಸೈಟಿನ ಕೋಡನ್ನೇ ತಿದ್ದಬಹುದು. ಪಕ್ಕದ ಕುಂಬಾರ ಗುಡ್ಡ ತನ್ನ ಕೋಟೆಗಿಂತ ಎತ್ತರ ಅಂತ ತಡವಾಗಿ ಗೊತ್ತಾಗಿ ಹೈದರಾಲಿ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನ್ನೇ ನೇಣಿಗೆ ಹಾಕಿಸಿದ ಅನ್ನೋ ಕಥೆ ನಮ್ಮೂರಲ್ಲಿ ಇದೆ. ಸದ್ಯ, ಅಡ್ಮಿನ್‌ಗಳ ಕಾಲಕ್ಕೆ ಹೈದರಾಲಿ ಇಲ್ಲ. ಫೋಲ್ಡರಿಗೆ 755, ಫೈಲಿಗೆ 644, ಅಪ್‌ಲೋಡ್ ಫೋಲ್ಡರಿನಲ್ಲಿ ಮಾತ್ರ ಅಪಾಚೆಗೆ ಬರೆಯುವ ಹಕ್ಕು. ಸಾಮಾನ್ಯ ಸೈಟಿಗೆ ಇಷ್ಟು ಸಾಕು.

ಫೆಡೋರಾ, ರೆಡ್‌ಹ್ಯಾಟ್ ಕಡೆಯವರ 777 ಅಂದ್ರೆ ‘ಸೆಟ್‌ಎನ್‌ಫೋರ್ಸ್ 0’. ಎಸ್‌ಇಲಿನಕ್ಸನ್ನೇ ಮಲಗಿಸಿಬಿಡೋದು. ಹೋಮಿನಿಂದ ‘ಎಂವಿ’ ಮಾಡಿದ ಫೈಲು ಹಳೇ ಲೇಬಲ್ಲನ್ನೇ ಹೊತ್ತು ಬರುತ್ತೆ, ಅದಕ್ಕೇ ತಡೆ. ‘ರಿಸ್ಟೋರ್‌ಕಾನ್ -ಆರ್’ ಅಂತ ಒಂದು ಸಾಲು ಹೊಡೆದರೆ ಲೇಬಲ್ ಸರಿಹೋಗುತ್ತೆ.